ಗರಡಿಗಳ ಓಣಿಯಲ್ಲಿ ಹತ್ತು ದಿನ

ಫುಕೆಟ್ ಅಂದರೆ ನಮ್ಮವರಿಗೆ ಕಡಲು, ದೋಣಿ ಸವಾರಿ, ಪಟಾಂಗ್ ಬೀಚಿನ ರಾತ್ರಿ ದೀಪಗಳು. ಹೋಗಿ ಬಂದವರ ಫೋಟೊಗಳಲ್ಲೂ ಅಷ್ಟೇ ಇರುತ್ತದೆ. ಅದೇ ದ್ವೀಪದ ದಕ್ಷಿಣದಲ್ಲಿ ಚಲೋಂಗ್ ಎಂಬ ಕಡೆ ಒಂದು ಓಣಿ ಇದೆ. ಹೆಸರು ಸೋಯ್ ತಾ-ಇಯಾದ್. ಥಾಯ್ ಭಾಷೆಯಲ್ಲಿ ಸೋಯ್ ಎಂದರೆ ಓಣಿ. ಅಲ್ಲಿ ಬೀಚ್ ಇಲ್ಲ, ಮರಳಿಲ್ಲ. ಇರುವುದೆಲ್ಲ ಗರಡಿಗಳೇ. ರಸ್ತೆಯ ಎರಡೂ ಕಡೆ ಒಂದರ ಪಕ್ಕ ಒಂದು ಜಿಮ್. ನಡುನಡುವೆ ಬಾಡಿಗೆ ಸ್ಕೂಟರ್ ಅಂಗಡಿ, ಮಸಾಜ್ ಅಂಗಡಿ, ಮೊಟ್ಟೆ ಮತ್ತು ಕೋಳಿ ಎದೆಮಾಂಸವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಹೋಟೆಲು, ಹಣ್ಣಿನ ರಸದ ಗಾಡಿ. ತಲೆ ಎತ್ತಿದರೆ ಗುಡ್ಡದ ಮೇಲೆ ಬಿಳಿ ಅಮೃತಶಿಲೆ ಹೊದ್ದ, 45 ಮೀಟರ್ ಎತ್ತರದ ಬುದ್ಧ. ಅವನ ಶಾಂತ ಮುಖದ ಕೆಳಗೆ ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ, ಧಪ್ ಧಪ್ ಎಂದು ಚರ್ಮದ ಚೀಲ ಒದೆಯುವ ಸದ್ದು.

ನಾನು ಅಲ್ಲಿಗೆ ಪ್ರವಾಸಕ್ಕೆಂದು ಹೋದವಳಲ್ಲ. ಅಕ್ಕನ ಮಗ ಎರಡು ತಿಂಗಳಿಂದ ಆ ಓಣಿಯಲ್ಲಿದ್ದ. ವಯಸ್ಸು 24. ಮೈಸೂರಿನಲ್ಲಿ ಹನ್ನೊಂದು ವರ್ಷ ಕರಾಟೆ ಕಲಿತು ಕಪ್ಪು ಬೆಲ್ಟ್ ಕಟ್ಟಿದವನು. ಕಂಪ್ಯೂಟರ್ ಕೆಲಸಕ್ಕೆ ಸಂಬಳವಿಲ್ಲದ ರಜೆ ಹಾಕಿ, ಉಳಿತಾಯವನ್ನೆಲ್ಲ ಹೊತ್ತುಕೊಂಡು, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕಲಿಯುತ್ತೇನೆಂದು ಹೊರಟಿದ್ದ. ಈಗ ಇನ್ನೂ ಆರು ತಿಂಗಳು ಬೇಕು ಎನ್ನುತ್ತಿದ್ದ. ಅದಕ್ಕೆ ಅಕ್ಕ ತನ್ನ ನಾಲ್ಕು ಬಳೆ, ಒಂದು ಸರ ಅಡ ಇಡಬೇಕಿತ್ತು.

"ನೀನೇ ಹೋಗಿ ನೋಡ್ಕೊಂಡ್ ಬಾ ಕಣೇ. ಪೈಲ್ವಾನರ ಮಗಳು, ಮೂವತ್ತು ವರ್ಷ ಪಿ.ಟಿ. ಟೀಚರ್ ಬೇರೆ. ಅವನ ಕೈಲಾಗುತ್ತೋ ಇಲ್ವೋ ನಿಂಗೆ ಗೊತ್ತಾಗುತ್ತೆ. ನೀನು ಹೂಂ ಅಂದ್ರೆ ಒಡವೆ ಇಡ್ತೀನಿ" ಅಂದಳು ಅಕ್ಕ.

ಅವಳು ಹೇಳಿದ್ದು ನಿಜ. ನಮ್ಮಪ್ಪ ಗರಡಿ ಮನೆಯ ಮಟ್ಟಿಯಲ್ಲಿ ಹೊರಳಿ ಬೆಳೆದವರು. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಬಾದಾಮಿ ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಾಗಾಗಿ ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆ ವಿಮಾನದಲ್ಲಿ ಕೂತು, ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಇಳಿದಾಗ ನನ್ನ ಮುಂದಿದ್ದ ಪ್ರಶ್ನೆ ಒಂದೇ: ಆ ಪಂಜರದಂಥ ಅಖಾಡದೊಳಗೆ ಯಾವ ವಿದ್ಯೆಗೆ ಎಷ್ಟು ಬೆಲೆ? ನಮ್ಮ ಹುಡುಗನ ಹನ್ನೊಂದು ವರ್ಷಕ್ಕೆ ಅಲ್ಲಿ ಎಷ್ಟು ಬೆಲೆ?

ಗೊತ್ತಿಲ್ಲದವರಿಗೆ ಒಂದು ಮಾತು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎಯಲ್ಲಿ ಗುದ್ದಬಹುದು, ಒದೆಯಬಹುದು, ಎತ್ತಿ ಕೆಡವಬಹುದು. ಕೆಡವಿದ ಮೇಲೂ ಹೋರಾಟ ನಿಲ್ಲುವುದಿಲ್ಲ. ನೆಲದ ಮೇಲೆ ಹೊಡೆಯಬಹುದು, ಕೈ ತಿರುಚಬಹುದು, ಕತ್ತು ಅಮುಕಿ ಸೋಲು ಒಪ್ಪಿಸಬಹುದು. ಸಾಮಾನ್ಯವಾಗಿ ಐದೈದು ನಿಮಿಷದ ಮೂರು ಸುತ್ತು, ಪ್ರಶಸ್ತಿ ಪಂದ್ಯವಾದರೆ ಐದು ಸುತ್ತು.

ಕ್ರು ಎಂದರೆ ಗುರು

ಮೊದಲ ಮೂರು ದಿನ ನಾನು ನೋಡಿದ್ದು ಮುವಾಯ್ ಥಾಯ್. ಅದು ಆ ನಾಡಿನದೇ ವಿದ್ಯೆ. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಕಣಕಾಲು, ಹೀಗೆ ಎಂಟು ಅಂಗಗಳ ಕಾಳಗ. ಕಲಿಸುವವರನ್ನು ಅಲ್ಲಿ 'ಕ್ರು' ಅನ್ನುತ್ತಾರೆ. ಅದು ನಮ್ಮ 'ಗುರು' ಪದವೇ. ಪಂದ್ಯಕ್ಕೆ ಮುಂಚೆ ಹುಡುಗರು ರಿಂಗಿನ ಸುತ್ತ ನಿಧಾನವಾಗಿ ಕುಣಿದು 'ವಾಯ್ ಕ್ರು' ಮಾಡುತ್ತಾರೆ, ಅದು ಗುರುವಂದನೆ. ತಲೆಗೆ ಕಟ್ಟುವ ಪಟ್ಟಿಗೆ 'ಮೊಂಗ್‌ಖೋನ್' ಎಂದು ಹೆಸರು. ಅದೂ ನಮ್ಮ 'ಮಂಗಳ'ವೇ. ಒಂದು ಸಂಜೆ ಪಂದ್ಯ ನೋಡಲು ಹೋದಾಗ ಮೌರಿಯಂಥ ಓಲಗ, ಎರಡು ಮದ್ದಲೆ, ಪುಟ್ಟ ತಾಳ ಸೇರಿ ಬಾರಿಸುತ್ತಿದ್ದರು. ಸುತ್ತು ಬಿಸಿಯೇರಿದಂತೆ ವಾದ್ಯದ ಗತಿಯೂ ಏರುತ್ತಿತ್ತು.

ನಮ್ಮ ಹುಡುಗನಿಗೆ ಕಲಿಸುತ್ತಿದ್ದ ಕ್ರುವಿಗೆ ನಲವತ್ತರ ಮೇಲೆ ವಯಸ್ಸು. ಥಾಯ್ಲೆಂಡಿನ ಈಶಾನ್ಯದ ಬಡ ಪ್ರದೇಶವಾದ ಇಸಾನ್‌ನವನು. ಒಂಬತ್ತು ವರ್ಷಕ್ಕೇ ರಿಂಗಿಗಿಳಿದನಂತೆ. ಗೆದ್ದ ದುಡ್ಡು ಮನೆಗೆ ಅಕ್ಕಿಯಾಗುತ್ತಿತ್ತು. ಅವನ ಕಣಕಾಲು ಮುಟ್ಟಿ ನೋಡಿದೆ, ಒನಕೆಯಂತಿತ್ತು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವರ ಅಭ್ಯಾಸದ ರೀತಿ. ಚೀಲವನ್ನು, ಗುರು ಹಿಡಿದ ದಿಂಬನ್ನು ಜೀವ ಹೋಗುವಂತೆ ಒದೆಯುತ್ತಾರೆ. ಇಬ್ಬರು ಎದುರುಬದುರು ಆಡುವಾಗ ಮಾತ್ರ ಮಕ್ಕಳಾಟದಂತೆ ಹಗುರ. ನಗುತ್ತಾರೆ, ಮುಟ್ಟಿ ಓಡುತ್ತಾರೆ. "ತಲೆ ಒಂದೇ ಇರೋದು" ಎಂದು ಕ್ರು ತನ್ನ ತಲೆ ತಟ್ಟಿ ತೋರಿಸಿದ. ಪಿ.ಟಿ. ಟೀಚರಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೆ ಬೇಕೆ? ಹುಡುಗಿಯರೂ ಬೇಕಾದಷ್ಟು ಜನ ಕಲಿಯುತ್ತಿದ್ದರು. ಬ್ಯಾಂಕಾಕಿನ ಪ್ರಸಿದ್ಧ ಲುಂಪಿನಿ ಸ್ಟೇಡಿಯಂನ ರಿಂಗಿಗೆ ಹೆಣ್ಣುಮಕ್ಕಳನ್ನು ಬಿಟ್ಟಿದ್ದು 2021ರಲ್ಲಿ ಮಾತ್ರ ಎಂದು ಅವರಲ್ಲೊಬ್ಬಳು ಹೇಳಿದಾಗ ನನ್ನ ಹಾಲಿನ ಚೊಂಬು ನೆನಪಾಯಿತು.

ಇಷ್ಟು ಗಟ್ಟಿ ವಿದ್ಯೆ ಪಂಜರದೊಳಗೆ ಸಾಕಾಗುವುದಿಲ್ಲವೇ? ಸಾಕಾಗುವುದಿಲ್ಲ. ಮುವಾಯ್ ಥಾಯ್‌ನವರು ನೆಟ್ಟಗೆ ನಿಲ್ಲುತ್ತಾರೆ, ಮುಂದಿನ ಕಾಲು ಹಗುರ, ಒದೆತ ತಡೆಯಲು ತಟಕ್ಕನೆ ಎತ್ತಬೇಕಲ್ಲ. ಒಂಟಿ ಕಾಲಲ್ಲಿ ನಿಂತವನನ್ನು ಕಂಡರೆ ಕುಸ್ತಿಯವನಿಗೆ ಹಬ್ಬ. ಅವರ ಪಂದ್ಯದಲ್ಲಿ ಬಿದ್ದರೆ ರೆಫರಿ ಎಬ್ಬಿಸುತ್ತಾನೆ. ಇಲ್ಲಿ ಎಬ್ಬಿಸುವವರಿಲ್ಲ. ಹಾಗಂತ ಅದನ್ನು ಬಿಟ್ಟರೂ ಆಗದು. ಕೈಕಾಲು ಎರಡೂ ಬಳಸುವ, ಹತ್ತಿರ ಬಂದವನ ಕತ್ತು ಹಿಡಿದು ಮಂಡಿಯಲ್ಲಿ ತಿವಿಯುವ ವಿದ್ಯೆ ಎಂಎಂಎಯಲ್ಲಿ ನಿಂತು ಹೊಡೆದಾಡುವವರಿಗೆಲ್ಲ ಬೇಕೇ ಬೇಕು. ನಿಲುವು ಒಂದಿಷ್ಟು ಅಗಲವಾಗಬೇಕು, ಸೊಂಟ ಒಂದಿಷ್ಟು ತಗ್ಗಬೇಕು, ಅಷ್ಟೆ.

ಚಾಪೆಯ ಕೋಣೆ

ನಾಲ್ಕನೆಯ ದಿನ ನೀಲಿ ಚಾಪೆ ಹಾಸಿದ ದೊಡ್ಡ ಕೋಣೆಗೆ ಕರೆದುಕೊಂಡು ಹೋದ. ಒಂದು ಹೊತ್ತು ಅಲ್ಲಿ ಜುಜಿತ್ಸು, ಇನ್ನೊಂದು ಹೊತ್ತು ಕುಸ್ತಿ.

ಈ ಜುಜಿತ್ಸುವಿನ ಕಥೆ ಸ್ವಾರಸ್ಯವಾಗಿದೆ. 1882ರಲ್ಲಿ ಟೋಕಿಯೊದಲ್ಲಿ ಜಿಗೊರೊ ಕಾನೊ ಎಂಬ ಮೇಷ್ಟ್ರು ಕೊಡೊಕಾನ್ ಎಂಬ ಜೂಡೊ ಶಾಲೆ ತೆರೆದರು. ಹಳೆಯ ಜುಜಿತ್ಸುವಿನಲ್ಲಿ ಗೆಳೆಯನ ಮೇಲೆ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಲಾಗದಂಥ ಅಪಾಯದ ಪಟ್ಟುಗಳಿದ್ದವು. ಕಾನೊ ಅವನ್ನು ಬದಿಗಿಟ್ಟು, ಉಳಿದವನ್ನು ದಿನವೂ ಜೋರಾಗಿ, ಎದುರಾಳಿ ಒಪ್ಪದೆ ಸೆಣಸುತ್ತಿರುವಾಗಲೇ ಅಭ್ಯಾಸ ಮಾಡಿಸಿದರು. ಮಾರಕ ಪಟ್ಟು ಬಿಟ್ಟರೂ ಹುಡುಗರು ಗಟ್ಟಿಯಾದರು. ಅಲ್ಲಿ ಕಲಿತ ಮಿತ್ಸುಯೊ ಮೇದ ಬ್ರೆಜಿಲ್‌ಗೆ ಹೋದ. ಅವನಿಂದ ಕಾರ್ಲೋಸ್ ಗ್ರೇಸಿ ಕಲಿತ, ಕಾರ್ಲೋಸನಿಂದ ಮನೆಮಂದಿಯೆಲ್ಲ ಕಲಿತರು. ನೆಲಕ್ಕೆ ಬಿದ್ದ ಮೇಲಿನ ಹೋರಾಟವನ್ನೇ ಆ ಮನೆಯವರು ದೊಡ್ಡ ವಿದ್ಯೆಯಾಗಿ ಬೆಳೆಸಿದರು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ಪಂದ್ಯಾವಳಿ ನಡೆಯಿತು. ಬಾಕ್ಸರ್, ಸುಮೊ ಪೈಲ್ವಾನ, ಕಿಕ್‌ಬಾಕ್ಸರ್ ಎಲ್ಲರೂ ಒಂದೇ ಪಂಜರದಲ್ಲಿ. ತೂಕದ ವಿಭಾಗವಿಲ್ಲ, ಅಂಕ ಕೊಡುವವರಿಲ್ಲ. ಗೆದ್ದವನು ಸುಮಾರು 80 ಕಿಲೊ ತೂಗುವ ರಾಯ್ಸ್ ಗ್ರೇಸಿ, ಒಂದೇ ರಾತ್ರಿ ಮೂವರನ್ನು ಸೋಲಿಸಿ. ಒಂದು ಕೈಗೆ ಮಾತ್ರ ಗ್ಲೌಸ್ ಹಾಕಿಕೊಂಡು ಬಂದಿದ್ದ ಬಾಕ್ಸರ್ ಒಂದು ಗುದ್ದನ್ನೂ ಸರಿಯಾಗಿ ಹಾಕಲಾಗದೆ, ಕೆಳಗೆ ಸಿಕ್ಕಿಬಿದ್ದು ಚಾಪೆ ತಟ್ಟಿ ಸೋಲೊಪ್ಪಿದ. ನೆಲದ ವಿದ್ಯೆ ಬಾರದವನು ಬಿದ್ದರೆ ಕಥೆ ಮುಗಿಯಿತು ಎಂದು ಜಗತ್ತಿಗೆ ಗೊತ್ತಾದದ್ದು ಆವತ್ತು.

ಆಮೇಲೆ ಏನಾಯಿತು? ಎಲ್ಲರೂ ನೆಲದ ವಿದ್ಯೆಯನ್ನು ಒಂದಿಷ್ಟು ಕಲಿತರು. ಆಗ ಮುಂದೆ ಬಂದವರು ಕುಸ್ತಿಯವರು. ಕಾರಣ ಸರಳ. ಹೋರಾಟ ನಿಂತು ನಡೆಯಬೇಕೋ ನೆಲದಲ್ಲಿ ನಡೆಯಬೇಕೋ ಎಂದು ತೀರ್ಮಾನಿಸುವವನು ಕುಸ್ತಿಯವನು. ಗುದ್ದುವವನ ಜೊತೆ ಗುದ್ದಾಡಬೇಕಿಲ್ಲ, ಕೆಡವಬಹುದು. ನೆಲದಲ್ಲಿ ಪಳಗಿದವನ ಜೊತೆ ನೆಲಕ್ಕೆ ಹೋಗಬೇಕಿಲ್ಲ, ಕೆಡವಿಸಿಕೊಳ್ಳದೆ ನಿಲ್ಲಬಹುದು. 2010ರಲ್ಲಿ ಬಾಕ್ಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಜೇಮ್ಸ್ ಟೋನಿ, 47 ವರ್ಷದ ಕುಸ್ತಿಪಟು ರ‍್ಯಾಂಡಿ ಕೂಟುರ್ ಎದುರು ಪಂಜರಕ್ಕಿಳಿದ. ಕೂಟುರ್ ಕಾಲಿಗೆ ಕೈಹಾಕಿ ಕೆಡವಿದ, ಮೊದಲ ಸುತ್ತಿನಲ್ಲೇ ಕತ್ತು ಅಮುಕಿ ಮುಗಿಸಿದ. ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಕುಸ್ತಿ ಮತ್ತು ಸಾಂಬೊ ಬಲದಿಂದಲೇ 29 ಪಂದ್ಯ ಆಡಿ 29ನ್ನೂ ಗೆದ್ದು 2020ರಲ್ಲಿ ನಿವೃತ್ತನಾದ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೆನಡಾಕ್ಕೆ ಕುಸ್ತಿಯ ಚಿನ್ನ ಗೆದ್ದ ಪಂಜಾಬಿ ಮೂಲದ ಅರ್ಜನ್ ಭುಲ್ಲರ್ 2021ರಲ್ಲಿ ಒನ್ ಚಾಂಪಿಯನ್‌ಶಿಪ್‌ನ ಹೆವಿವೇಟ್ ಪಟ್ಟ ಗೆದ್ದ.

ಹಾಗಾದರೆ ಕುಸ್ತಿಯೊಂದೇ ಸಾಕೇ? ಅದೂ ಅಲ್ಲ. ಆ ಕೋಣೆಯಲ್ಲಿ ಕೂತು ನೋಡುವಾಗ ಒಂದು ಸೂಕ್ಷ್ಮ ಕಂಡಿತು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಸೋಲು. ಅದಕ್ಕೇ ಕುಸ್ತಿಯ ಹುಡುಗರು ಬಿದ್ದ ಕೂಡಲೇ ಯೋಚನೆಯನ್ನೇ ಮಾಡದೆ ಬೋರಲಾಗಿ ಹೊಟ್ಟೆಯ ಮೇಲೆ ಹೊರಳುತ್ತಾರೆ. ಎಂಎಂಎಯಲ್ಲಿ ಬೆನ್ನು ತೋರಿಸಿದರೆ ಜುಜಿತ್ಸುವಿನವನು ಹಿಂದಿನಿಂದ ಕತ್ತಿಗೆ ತೋಳು ಸುತ್ತುತ್ತಾನೆ. ಅದೇ ಜುಜಿತ್ಸುವಿನವನಿಗೆ ಬೆನ್ನ ಮೇಲೆ ಮಲಗುವುದು ಅವಮಾನವಲ್ಲ. ಕೆಳಗಿದ್ದುಕೊಂಡೇ ಕಾಲಲ್ಲಿ ಕಟ್ಟಿಹಾಕಿ ಕೈ ಮುರಿಯುವ ಪಟ್ಟು ಹುಡುಕುತ್ತಾನೆ. ಆದರೆ ಮೇಲಿದ್ದವನು ಗುದ್ದಲು ಶುರು ಮಾಡಿದರೆ ಆ ಮಲಗುವ ಅಭ್ಯಾಸವೇ ಮುಳುವು.

ನಮ್ಮ ಮೈಸೂರಿನದೇ ಉದಾಹರಣೆ ಹೇಳುತ್ತೇನೆ. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಒಬ್ಬನ ತಲೆಯಿಂದ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ಆದ್ದರಿಂದ ಅವರ ಗಮನವೆಲ್ಲ ಬೋಳು ತಲೆಯ ಮೇಲೆ. ಯಾವ ವಿದ್ಯೆಯೂ ಹೀಗೆಯೇ. ಗೆಲುವು ಯಾವುದಕ್ಕೆ ಎಂದು ಅದರ ನಿಯಮ ಹೇಳುತ್ತದೋ ಅಲ್ಲಿ ಅದು ಗಟ್ಟಿ. ನಿಯಮ ಯಾವುದನ್ನು ಬಿಟ್ಟಿದೆಯೋ ಅಲ್ಲಿ ತೂತು.

ಕರಾಟೆಗೆ ಬೆಲೆ ಎಷ್ಟು?

ಏಳನೆಯ ದಿನ ನಮ್ಮ ಹುಡುಗನ ಸರದಿ ಬಂತು. ಎಂಎಂಎ ಅಭ್ಯಾಸದಲ್ಲಿ ಅವನ ಎದುರು ದಾಗೆಸ್ತಾನದ ಒಬ್ಬ ಹುಡುಗ, ಅವನಿಗಿಂತ ಒಂದು ಹಿಡಿ ಗಿಡ್ಡ, ಎಲೆಕೋಸಿನಂತೆ ಮುದುಡಿದ ಕಿವಿ. ಮೊದಲ ಅರ್ಧ ನಿಮಿಷ ನನ್ನ ಎದೆ ಉಬ್ಬಿತು. ಕರಾಟೆಯ ಓಟ ಎಂದರೆ ಅದು! ಮಿಂಚಿನಂತೆ ಒಳಗೆ ನುಗ್ಗಿ, ಹೊಟ್ಟೆಗೊಂದು ಒದ್ದು, ಎದುರಾಳಿ ಕೈ ಬೀಸುವಷ್ಟರಲ್ಲಿ ಹೊರಗೆ. ಆ ದೂರದ ಲೆಕ್ಕ ಅಲ್ಲಿದ್ದ ಬೇರಾರಿಗೂ ಅಷ್ಟು ಚೆನ್ನಾಗಿರಲಿಲ್ಲ.

ನಾಲ್ಕನೆಯ ಒದೆತಕ್ಕೆ ಆ ಹುಡುಗ ಕಾಲು ಹಿಡಿದ. ಮುಂದಿನ ನಾಲ್ಕು ನಿಮಿಷ ನಮ್ಮವನು ಚಾಪೆ ಬಿಟ್ಟು ಏಳಲಿಲ್ಲ. ಎರಡನೆಯ ಸುತ್ತಿನಲ್ಲಿ ಇನ್ನೂ ವಿಚಿತ್ರ. ಒದೆಯುವುದನ್ನೇ ನಿಲ್ಲಿಸಿಬಿಟ್ಟ. ಕಾಲೆತ್ತಿದರೆ ಹಿಡಿಯುತ್ತಾನೆ ಎಂಬ ಭಯ. ಹನ್ನೊಂದು ವರ್ಷದ ವಿದ್ಯೆ ಕಾಲಲ್ಲೇ ಹೂತುಹೋಗಿತ್ತು.

ಮುಗಿದ ಮೇಲೆ ಕೋಚ್ ಹೇಳಿದ ಮಾತನ್ನು ಅವನೇ ನನಗೆ ಕನ್ನಡದಲ್ಲಿ ಹೇಳಿದ: "ನಿನ್ನ ಒದೆತ ಚೆನ್ನಾಗಿದೆ. ಆದ್ರೆ ಬಿದ್ರೂ ಏಳ್ತೀನಿ ಅಂತ ಗೊತ್ತಿರೋನು ಮಾತ್ರ ಧೈರ್ಯವಾಗಿ ಒದೀತಾನೆ."

"ಹನ್ನೊಂದು ವರ್ಷ ದಂಡ ಆಯ್ತಾ ಚಿಕ್ಕಮ್ಮ?" ಅಂದ, ಐಸ್ ಚೀಲವನ್ನು ಭುಜಕ್ಕೊತ್ತಿಕೊಂಡು.

ದಂಡವಾಗಿರಲಿಲ್ಲ. ಬ್ರೆಜಿಲ್‌ನ ಲಿಯೊಟೊ ಮಚೀದ ಕರಾಟೆಯ ನಿಲುವಿನಲ್ಲೇ ಆಡಿ 2009ರಲ್ಲಿ ಯುಎಫ್‌ಸಿ ಚಾಂಪಿಯನ್ ಆದ. ಆದರೆ ಅವನಿಗೆ ಸುಮೊ ಅಭ್ಯಾಸವಿತ್ತು, ಜುಜಿತ್ಸುವಿನಲ್ಲೂ ಕಪ್ಪು ಬೆಲ್ಟ್ ಇತ್ತು. ಕೆಡವುವುದು ಕಷ್ಟವಾದ್ದರಿಂದ ಕರಾಟೆ ಅರಳಿತು. ಕೆನಡಾದ ಜಾರ್ಜ್ ಸೇಂಟ್ ಪಿಯರ್ ಕೂಡ ಬಾಲ್ಯದಲ್ಲಿ ಕ್ಯೊಕುಶಿನ್ ಕರಾಟೆಯಿಂದ ಬಂದವನೇ. ಕುಸ್ತಿಯನ್ನು ಆಮೇಲೆ ಹಟ ಹಿಡಿದು ಕಲಿತ, ಅದೇ ಅವನ ದೊಡ್ಡ ಆಯುಧವಾಯಿತು. ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯಳು, ಉತ್ತರ ಪ್ರದೇಶದ ಪೂಜಾ ತೋಮರ್, ವುಶು ಹಿನ್ನೆಲೆಯವಳು. ಅದು 2024ರ ಮಾತು.

ಇನ್ನೊಂದು ಕಡೆಯೂ ಇದೆ. ಟೋಕಿಯೊ ಒಲಿಂಪಿಕ್ಸ್‌ನ ಕರಾಟೆ ಫೈನಲ್‌ನಲ್ಲಿ ಇರಾನಿನ ಸಜ್ಜಾದ್ ಗಂಜ್‌ಜಾದೆ ತಲೆಗೆ ಒದೆತ ಬಿದ್ದು ಪ್ರಜ್ಞೆ ತಪ್ಪಿದ. ಚಿನ್ನ ಸಿಕ್ಕಿದ್ದು ಅವನಿಗೇ. ಒದ್ದವನು ಅಗತ್ಯಕ್ಕಿಂತ ಜೋರಾಗಿ ಒದ್ದನೆಂದು ಅನರ್ಹನಾದ. ಆ ಆಟಕ್ಕೆ ಅದೇ ನ್ಯಾಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಮುಟ್ಟಿದ ಕೂಡಲೇ ನಿಲ್ಲಿಸುವ ಆಟದಲ್ಲಿ ಬೆಳೆದವನಿಗೆ, ಮುಟ್ಟಿದ ಮೇಲೆ ಏನು ಎಂಬ ಪಾಠ ಬೇರೆ ಕಡೆಯಿಂದಲೇ ಬರಬೇಕು.

ಹಾಗಾಗಿ ಹತ್ತು ದಿನದ ಕೊನೆಗೆ ನನ್ನ ಲೆಕ್ಕ ಹೀಗಿತ್ತು. ಪಂಜರದೊಳಗೆ ಕುಸ್ತಿ ಮನೆಯ ಪಾಯ. ಜುಜಿತ್ಸು ಬಿದ್ದಾಗ ಉಳಿಸುವ, ಸಿಕ್ಕಾಗ ಗೆಲ್ಲಿಸುವ ವಿದ್ಯೆ. ಬಾಕ್ಸಿಂಗ್ ಮತ್ತು ಮುವಾಯ್ ಥಾಯ್ ಗೋಡೆಗಳು. ಕರಾಟೆ, ಟೇಕ್ವಾಂಡೊ, ವುಶು ಮೇಲಿನ ಮಹಡಿ. ಪಾಯ ಗೋಡೆ ಇದ್ದರೆ ಮಹಡಿಯಿಂದ ಬಹಳ ದೂರ ಕಾಣುತ್ತದೆ. ಇಲ್ಲದಿದ್ದರೆ ಕೂರಲು ಜಾಗವೇ ಇಲ್ಲ. ನಮ್ಮ ಹುಡುಗ ಮಹಡಿಯ ಸಾಮಾನೆಲ್ಲ ತಂದಿಟ್ಟುಕೊಂಡಿದ್ದ, ಪಾಯ ತೋಡಿರಲಿಲ್ಲ.

ಒಡವೆಯ ತೀರ್ಮಾನ

ಹೊರಡುವ ಹಿಂದಿನ ರಾತ್ರಿ ಕುಸ್ತಿ ಕೋಚ್‌ಗೆ ಹುಡುಗನ ಮೂಲಕವೇ ಕೇಳಿಸಿದೆ: ಆರು ತಿಂಗಳಲ್ಲಿ ಕುಸ್ತಿ ಬರುತ್ತದೆಯೇ? ಆತ ನಕ್ಕ. ಮುವಾಯ್ ಥಾಯ್‌ನಲ್ಲಿ ಆರು ತಿಂಗಳಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಆಗಬಹುದು, ಕುಸ್ತಿಗೆ ತಿಂಗಳ ಲೆಕ್ಕ ಇಲ್ಲ, ವರ್ಷದ ಲೆಕ್ಕ ಎಂದ.

ಓಣಿಯ ಹೋಟೆಲಿನಲ್ಲಿ ಅಕ್ಕನಿಗೆ ಫೋನ್ ಮಾಡಿದೆ. (ಸಸ್ಯಾಹಾರಿಗಳು ಅಲ್ಲಿ 'ಜೇ' ಎಂದು ಕೇಳಿ, ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುತ್ತದೆ. ಇಲ್ಲದಿದ್ದರೆ ತರಕಾರಿ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ.)

"ಅಕ್ಕಾ, ಬಳೆ ಇಡ್ಬೇಡ."

"ಹಂಗಾದ್ರೆ ಅವನ ಕೈಲಾಗಲ್ವಾ?"

"ಆಗಲ್ಲ ಅಂತಲ್ಲ. ಅವನಿಗೆ ಬೇಕಾಗಿರೋದು ಕುಸ್ತಿ. ಅದಕ್ಕೆ ಎರಡು ವರ್ಷ ಬೇಕು. ಇಲ್ಲಿ ಎರಡು ವರ್ಷ ಇಟ್ಕೊಳಕ್ಕೆ ನಿನ್ನ ಒಡವೆ ಸಾಲಲ್ಲ. ನಮ್ಮೂರಲ್ಲಿ ಅದಕ್ಕೆ ಲಂಗೋಟಿ ಖರ್ಚು. ಕೆಲಸಕ್ಕೂ ಹೋಗ್ಬಹುದು. ಆಮೇಲೆ ಇಲ್ಲಿಗೆ ಬಂದ್ರೆ ಒಂದೊಂದು ದಿನಕ್ಕೂ ಬೆಲೆ ಇರುತ್ತೆ."

ಎದುರು ಕೂತಿದ್ದ ಹುಡುಗ ಚಮಚ ಕೆಳಗಿಟ್ಟ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಟ್ಟಿ ಕುಸ್ತಿ ಬೇರೆ, ಮ್ಯಾಟ್ ಕುಸ್ತಿ ಬೇರೆ ಚಿಕ್ಕಮ್ಮ. ಮಣ್ಣಲ್ಲಿ ಕಾಲು ಓಡಲ್ಲ. ಇವ್ರ ವೇಗ ಅಲ್ಲಿ ಸಿಗಲ್ಲ" ಅಂದ.

ಅವನ ಮಾತಿನಲ್ಲಿ ಅರ್ಥವಿತ್ತು. ಮಣ್ಣು ಕಾಲನ್ನು ಹಿಡಿಯುತ್ತದೆ, ಲಂಗೋಟಿ ಹಿಡಿಯುವ ಪಟ್ಟು ಪಂಜರದಲ್ಲಿ ನಡೆಯುವುದಿಲ್ಲ. ಆದರೆ ಕತ್ತಿನ ಬಲ, ಸೊಂಟದ ತೂಕ, ಹಿಡಿತ, ಎಲ್ಲಕ್ಕಿಂತ ಹೆಚ್ಚಾಗಿ ದಿನಕ್ಕೆ ಇಪ್ಪತ್ತು ಸಲ ಬಿದ್ದು ಏಳುವ ರೂಢಿ, ಇವು ಮಣ್ಣಿನಲ್ಲೂ ಒಂದೇ, ಮ್ಯಾಟಿನಲ್ಲೂ ಒಂದೇ. ಅವು ಬಂದ ಮೇಲೆ ದಾವಣಗೆರೆ, ಧಾರವಾಡ, ಬೆಳಗಾವಿ ಕಡೆ ಮ್ಯಾಟ್ ಮೇಲೆ ತಾಲೀಮು ಮಾಡುವ ಹುಡುಗರು ಬೇಕಾದಷ್ಟಿದ್ದಾರೆ. ಇದನ್ನೆಲ್ಲ ಹೇಳಿದೆ. ಒಪ್ಪಿದನೋ ಬಿಟ್ಟನೋ ಆ ರಾತ್ರಿ ತಿಳಿಯಲಿಲ್ಲ. ಆದರೆ ತಿಂಗಳು ಮುಗಿಯುತ್ತಲೇ ಬಂದ.

ನಾನು ಊರಿಗೆ ಬಂದಾಗಿನಿಂದ ಪರಿಚಯದ ತಾಯಂದಿರು ಕೇಳುವುದೂ ಇದನ್ನೇ: ಮಗುವನ್ನು ಕರಾಟೆಗೆ ಸೇರಿಸಲೇ, ಬಾಕ್ಸಿಂಗ್‌ಗೆ ಸೇರಿಸಲೇ, ಇನ್ನೊಂದಕ್ಕೆ ಸೇರಿಸಲೇ? ಬೋರ್ಡಿನ ಹೆಸರು ನೋಡಬೇಡಿ ಎನ್ನುತ್ತೇನೆ. ಒಂದು ದಿನ ಬಾಗಿಲಲ್ಲಿ ನಿಂತು ನೋಡಿ. ಮಕ್ಕಳು ಬರೀ ಗಾಳಿಗೆ ಗುದ್ದುತ್ತಿದ್ದಾರೆಯೇ, ಅಥವಾ ಸೋಲಲು ಒಪ್ಪದ ಇನ್ನೊಂದು ಮಗುವಿನ ಜೊತೆ ಆಡುತ್ತಿದ್ದಾರೆಯೇ? ಬಿದ್ದ ಮಗುವನ್ನು ಗುರು ಗದರುತ್ತಾನೆಯೇ, ಎದ್ದು ನಿಲ್ಲುವುದನ್ನು ಕಲಿಸುತ್ತಾನೆಯೇ? ತಲೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುತ್ತಾನೆಯೇ? ಈ ಮೂರು ಸರಿಯಿದ್ದರೆ ವಿದ್ಯೆಯ ಹೆಸರು ಯಾವುದಾದರೂ ಇರಲಿ.

ನಮ್ಮ ಹುಡುಗ ಈಗ ಮೈಸೂರಿನಿಂದಲೇ ಕಚೇರಿ ಕೆಲಸ ಮಾಡುತ್ತಾನೆ. ಬೆಳಗಿನ ಜಾವ ಐದಕ್ಕೆ ಗರಡಿ. ಬಚ್ಚಲಲ್ಲಿ ಕೆಮ್ಮಣ್ಣು ಕಟ್ಟಿಕೊಂಡು ನೀರೇ ಹೋಗುವುದಿಲ್ಲವೆಂದು ಅಕ್ಕನ ದೂರು. ದೂರು ಹೇಳುವಾಗ ಅವಳ ಕೈಯಲ್ಲಿ ನಾಲ್ಕೂ ಬಳೆ ಸದ್ದು ಮಾಡುತ್ತಿರುತ್ತವೆ. ಅಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಮೊದಲ ತಿಂಗಳೆಲ್ಲ ಇವನನ್ನು ದಿನವೂ ಐದಾರು ಸಲ ಚಿತ್ ಮಾಡುತ್ತಿದ್ದನಂತೆ. ಕಳೆದ ವಾರ ಬೆಳಿಗ್ಗೆ ಏಳು ಗಂಟೆಗೇ ನನಗೆ ಫೋನ್ ಬಂತು.

"ಚಿಕ್ಕಮ್ಮ, ಇವತ್ತು ಎರಡೇ ಸಲ ಬಿದ್ದೆ."